ಸೊಂಡಿಲಿನ ಅಳತೆ

ಜತ್ತ ತಾಲೂಕಿನ ಸೊರಡಿಯ ಕನ್ನಡ ಮನೆಯೊಂದರ ಹುಡುಗ ಈಗ ಬೆಳಗಾವಿಯ ಕಾರ್ಖಾನೆಯೊಂದರಲ್ಲಿ ಬೋರ್‌ವೆಲ್ ಕೊರೆಯುವ ಯಂತ್ರಗಳ ನಕ್ಷೆ ರಚಿಸುತ್ತಾನೆ. ನಕ್ಷೆಯೆಂದರೆ ಹಾಳೆಯ ಮೇಲಿನ ಗೆರೆಗಳಲ್ಲ. ಗಣಕದ ಪರದೆಯಲ್ಲಿ ಉದ್ದ, ಅಗಲ, ಎತ್ತರಗಳೊಡನೆ ನಿಲ್ಲುವ, ತಿರುಗಿಸಿ ನೋಡಬಹುದಾದ ಕ್ಯಾಡ್ ಮಾದರಿ. ಬೋಲ್ಟು, ಗೇರುಗಳು ಅಲ್ಲಿ ತಕರಾರಿಲ್ಲದೆ ಕೂಡುತ್ತವೆ. ಎಲ್ಲಿಟ್ಟರೂ ಅವುಗಳ ಆಕಾರ ಒಂದೇ. ತೊಂದರೆ ಕೊಡುವುದು ಎಣ್ಣೆಯನ್ನು ಒತ್ತಡದಲ್ಲಿ ಸಾಗಿಸುವ ರಬ್ಬರಿನ ಹೋಸು. ಅದು ಬಾಗುತ್ತದೆ, ಕೂತ ಜಾಗ ಬದಲಾದಂತೆ ಅದರ ಬಾಗೂ ಬದಲಾಗುತ್ತದೆ.

ಅವನ ಪಾಲಿಗೆ ಬಂದದ್ದು ಮಾಸ್ಟಿನ ಬುಡದ ಹೋಸು. ಯಂತ್ರ ರಸ್ತೆಯ ಮೇಲೆ ಸಾಗುವಾಗ ಮಾಸ್ಟು ಲಾರಿಯ ಬೆನ್ನ ಮೇಲೆ ಮಲಗಿರುತ್ತದೆ. ಹೊಲಕ್ಕೆ ಬಂದ ಮೇಲೆ ಎದ್ದು ನಿಲ್ಲುತ್ತದೆ. ಬುಡದ ಕೀಲನ್ನು ದಾಟಿ ಹೋಗುವ ಹೋಸು ಎರಡೂ ನಿಲುವಿಗೆ ಒದಗಬೇಕು. ಹುಡುಗ ಮಲಗಿದ ಮಾಸ್ಟಿಗೆ ಹೋಸು ಬಿಡಿಸಿದ. ನಡುಗೆರೆಯನ್ನು ಅಳೆದು ಗಣಕವು 1640 ಮಿಲಿಮೀಟರ್ ಎಂದಿತು. ನಿಂತ ಮಾಸ್ಟನ್ನು ತೋರಿಸಬೇಕಾದಾಗ ಅದೇ ಕಡತವನ್ನು ನಕಲು ಮಾಡಿ, ಹೊಸ ಹೆಸರಿಟ್ಟು, ಬೇರೆ ಬಾಗು ಕೊಟ್ಟ. ಅದು 1710 ಆಯಿತು. ಪರದೆಯ ಮೇಲೆ ಎರಡೂ ಚೆಂದ ಕಂಡವು. ಬಿಡಿಭಾಗಗಳ ಪಟ್ಟಿಯಲ್ಲಿ ಮಾತ್ರ ಒಂದು ಹೋಸಿನ ಜಾಗದಲ್ಲಿ ಎರಡು ಪಾರ್ಟ್ ನಂಬರುಗಳು ಕುಳಿತವು. ಉಗ್ರಾಣದವರು ಮೊದಲಿನದನ್ನು ಕಳಿಸಿದರು.

ಪರೀಕ್ಷೆಯ ದಿನ ಮಾಸ್ಟು ಏಳುತ್ತಿದ್ದಂತೆ ಹೋಸು ಬಿಲ್ಲಿನ ಹೆದೆಯಂತೆ ಬಿಗಿಯಿತು. “ಸರೀರಿ, ಎಲ್ಲಾರೂ ಸರೀರಿ!” ಎಂದು ಹಿರಿಯ ಫಿಟ್ಟರು ಕೂಗಿ ಲಿವರು ಹಿಡಿಯುವಷ್ಟರಲ್ಲಿ ತುದಿಯ ಫಿಟ್ಟಿಂಗಿನ ಬಳಿ ಎಣ್ಣೆ ಸೂಜಿಯಷ್ಟು ಸಣ್ಣಗೆ ಚಿಮ್ಮಿತ್ತು. ಯಾರಿಗೂ ತಾಗಲಿಲ್ಲ. ಅಂಥ ಧಾರೆಗೆ ಕೈಯೊಡ್ಡಿದರೆ ಎಣ್ಣೆ ಚರ್ಮವನ್ನು ತೂರಿ ಒಳಹೊಗುತ್ತದೆ. ಮೇಲೆ ಕಾಣುವುದು ಚುಚ್ಚಿದ ಗುರುತು ಮಾತ್ರ, ಒಳಗಿನದು ಬೆರಳನ್ನೇ ಕಳೆದುಕೊಳ್ಳಬಹುದಾದ ಗಾಯ. ಆ ರಾತ್ರಿ ಹುಡುಗನಿಗೆ ಊಟ ಸೇರಲಿಲ್ಲ.

1710ರ ಹೋಸನ್ನು ಹಾಕಿದ್ದರೂ ಸಾಲುತ್ತಿರಲಿಲ್ಲವೆಂದು ಮರುದಿನ ತಿಳಿಯಿತು. ಒತ್ತಡ ತುಂಬಿದಾಗ ಹೋಸಿನ ಉದ್ದವೇ ಬದಲಾಗುತ್ತದೆ: ನೂರಕ್ಕೆ 2ರಷ್ಟು ಹಿಗ್ಗಬಹುದು, 4ರಷ್ಟು ಕುಗ್ಗಬಹುದು. 1710ಕ್ಕೆ ಅದು ಸುಮಾರು 68 ಮಿಲಿಮೀಟರ್, ನಾಲ್ಕು ಬೆರಳಿನ ಅಗಲ. ಹಾಗೆಂದು ಧಾರಾಳವಾಗಿ ಉದ್ದ ಕೊಟ್ಟರೆ ಮಾಸ್ಟು ಮಲಗಿದಾಗ ಜೋತುಬಿದ್ದು ಕಬ್ಬಿಣಕ್ಕೆ ಉಜ್ಜಿ ಸವೆಯುತ್ತದೆ. ಅರ್ಧ ಇಂಚಿನ, ಎರಡು ಪದರ ತಂತಿಯ ಹೋಸನ್ನು ಸುಮಾರು 180 ಮಿಲಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾಗಿ ಬಾಗಿಸುವಂತೆಯೂ ಇಲ್ಲ. ಕೊನೆಗೆ 1790 ಎಂದು ನಿಶ್ಚಯವಾಯಿತು.

ಮಾದರಿಯನ್ನೂ ಅವನು ಹೊಸದಾಗಿ ಕಟ್ಟಿದ. ಹೋಸಿಗೆ ಒಂದೇ ಕಡತ, ಒಂದೇ ನಂಬರು, ಕತ್ತರಿಸುವ ಉದ್ದವೂ ಒಂದೇ, ಅದಕ್ಕೆ ಬೀಗ. ಬಾಗು ಮಾತ್ರ ಹೋಸಿನದಲ್ಲ, ಅದು ಕೂತ ಜಾಗದ್ದು. ಕ್ರಿಯೋದಂಥ ತಂತ್ರಾಂಶದಲ್ಲಿ ಭಾಗವನ್ನು ‘ಫ್ಲೆಕ್ಸಿಬಲ್’ ಎಂದು ಘೋಷಿಸಿ, ಬದಲಾಗಬಹುದಾದ ಅಳತೆಗಳನ್ನಷ್ಟೇ ಸಡಿಲ ಬಿಡುತ್ತಾರೆ. ಸಾಲಿಡ್‌ವರ್ಕ್ಸ್‌ನಲ್ಲಿ ಒಂದೇ ಕಡತದೊಳಗೆ ಹಲವು ‘ಕಾನ್ಫಿಗರೇಶನ್’ಗಳನ್ನಿಟ್ಟು, ಪಟ್ಟಿಯಲ್ಲಿ ಎಲ್ಲಕ್ಕೂ ಒಂದೇ ನಂಬರು ಬರುವಂತೆ ಮಾಡಬಹುದು.

ಕೇಶಿರಾಜನನ್ನು ಓದಿದವರಿಗೆ ಇದು ತೀರ ಅಪರಿಚಿತವೆನಿಸದು. ‘ಮನೆಯನ್ನು’, ‘ಮನೆಯಿಂದ’, ‘ಮನೆಯಲ್ಲಿ’ ಎಂಬುವಕ್ಕೆ ನಿಘಂಟು ಮೂರು ನಮೂದು ಕೊಡುವುದಿಲ್ಲ. ಪ್ರಕೃತಿ ಒಂದೇ; ವಿಭಕ್ತಿಯನ್ನು ಬೇಡುವುದು ವಾಕ್ಯ. ಸೊರಡಿಯ ಹುಡುಗ ಶಾಲೆಯಲ್ಲಿ ಮರಾಠಿಯನ್ನೂ ಓದಿದವನು. ಕನ್ನಡದ ‘ಮನೆ’ ತಾನು ಕದಲದೆ ಯಕಾರವೊಂದನ್ನು ನಡುವೆ ಬರಮಾಡಿಕೊಳ್ಳುತ್ತದೆ. ಮರಾಠಿಯ ‘ಘೋಡಾ’ ಪ್ರತ್ಯಯ ಹತ್ತುವ ಮುನ್ನವೇ ತಾನು ಬಾಗಿ ‘ಘೋಡ್ಯಾ’ ಆಗುತ್ತದೆ, ಅನಂತರ ‘ಘೋಡ್ಯಾಲಾ’. ಅಲ್ಲಿಯ ವ್ಯಾಕರಣ ಅದನ್ನು ಸಾಮಾನ್ಯರೂಪವೆನ್ನುತ್ತದೆ. ಹೋಸು ಕನ್ನಡದ ಮನೆಗಿಂತ ಮರಾಠಿಯ ಕುದುರೆಗೆ ಹತ್ತಿರ. ಅವನು ಮಾಡಿದ್ದ ತಪ್ಪೆಂದರೆ ‘ಘೋಡ್ಯಾ’ ಎಂಬುದನ್ನು ಇನ್ನೊಂದು ಪ್ರಾಣಿಯೆಂದು ಬರೆದಿಟ್ಟದ್ದು.

ಯುಗಾದಿಗೆ ಊರಿಗೆ ಹೋದಾಗ ಮುತ್ಯಾನಿಗೆ ಇದನ್ನೆಲ್ಲ ಹೇಳಿದ. ಮುದುಕ ನಕ್ಕ. “ಇದು ಸೊಂಡಿಲಿನ ಲೆಕ್ಕ ಅಲ್ಲೇನೋ ತಮ್ಮಾ?” ಎತ್ತು ಕಟ್ಟಿ ನೀರೆತ್ತುತ್ತಿದ್ದ ಕಾಲದ ಚರ್ಮದ ಚೀಲ ಮರಾಠಿಯಲ್ಲಿ ಮೋಟ, ಕನ್ನಡದಲ್ಲಿ ಕಪಿಲೆ. ಅದರ ಬುಡಕ್ಕೆ ಹೊಲಿದ ಚರ್ಮದ ನಳಿಗೆಯೇ ಸೊಂಡಿಲು. ಚೀಲ ಬಾವಿಯಿಂದ ಏರುವಾಗ ತೆಳು ಹಗ್ಗವೊಂದು ಸೊಂಡಿಲಿನ ಬಾಯನ್ನು ಮೇಲಕ್ಕೆ ಮಡಿಸಿ ಹಿಡಿದಿರುತ್ತದೆ, ನೀರು ಚೆಲ್ಲದು. ಬಾವಿಯ ಬಾಯಿಗೆ ಬಂದಾಗ ದಪ್ಪ ಹಗ್ಗ ಚೀಲವನ್ನು ಇನ್ನೂ ಮೇಲಕ್ಕೆ ಒಯ್ಯುತ್ತದೆ, ತೆಳು ಹಗ್ಗ ಸೊಂಡಿಲನ್ನು ತೊಟ್ಟಿಯತ್ತ ಎಳೆದುಕೊಳ್ಳುತ್ತದೆ, ಮಡಿಕೆ ಬಿಚ್ಚಿ ನೀರು ಸುರಿಯುತ್ತದೆ. ಒಂದೇ ಸೊಂಡಿಲು, ಎರಡು ನಿಲುವು.

“ಹಗ್ಗ ಗೇಣು ತಪ್ಪಿದ್ರ ನೀರು ಬಾವಿಗೇ ಹೊಳ್ಳಿ ಹೋಗತಿತ್ತು. ಚೀಲ ತಳದಾಗ ಇದ್ದಾಗೊಮ್ಮೆ ನೋಡಬೇಕು, ಮ್ಯಾಲ ಬಂದಾಗೊಮ್ಮೆ ನೋಡಬೇಕು. ನೀ ಒಮ್ಮೆ ನೋಡಿ ಬಿಟ್ಟಿ.”

“ಎರಡು ಸಲ ನೋಡೇನಿ ಮುತ್ಯಾ. ಎರಡು ಹೋಸು ಅಂತ ಬರದೆ.”

ಮರುದಿನ ನೆರೆಯ ದಾಳಿಂಬೆ ತೋಟಕ್ಕೆ ಬೋರಿನ ಗಾಡಿ ಬಂತು. ಮಾಸ್ಟು ಏಳುವಾಗ ತೋಟದವರು ತೆಂಗಿನಕಾಯಿ, ಊದುಬತ್ತಿಗಳ ಗಡಿಬಿಡಿಯಲ್ಲಿದ್ದರು. ಹುಡುಗ ಕೀಲಿನ ಹೋಸನ್ನೇ ದಿಟ್ಟಿಸಿ ನಿಂತಿದ್ದ. ಮಾಸ್ಟು ನೆಟ್ಟಗಾದ ಮೇಲೂ ಅದರಲ್ಲಿ ನಾಲ್ಕು ಬೆರಳಿನಷ್ಟು ಸಡಿಲ ಉಳಿದಿತ್ತು.

“ನೀರು ಬಿತ್ತೇನೋ?” ಎಂದು ಕಟ್ಟೆಯಿಂದ ಮುತ್ಯಾ ಕೇಳಿದ. ಕೊರೆಯುವುದು ಇನ್ನೂ ಆರಂಭವಾಗಿರಲಿಲ್ಲ.