ಮಾಮೂ ಅಂಗಡಿಗೆ ಹೋಸ್ಟಿಂಗ್

ಬೆಟಗೇರಿ ಸೀರೆ ಮಾರುವ ನಮ್ಮ ಮಾಮೂಗೆ ವೆಬ್‌ಸೈಟ್ ಬೇಕು. ಕಾಮರ್ಸ್ ಓದುವವರು ಮನೆಯಲ್ಲಿ ನಾನೊಬ್ಬಳೇ. ಹೋಸ್ಟಿಂಗ್ ಹುಡುಕುವ ಕೆಲಸ ನನಗೇ ಬಂತು.

"ಪುಕ್ಕಟೆ ಸಿಗೋದಿಲ್ಲೇನು ಬೇಟಿ?" ಎಂದರು. ಸಿಗುತ್ತದೆ. ಯಾಹೂವಿನ ಜಿಯೋಸಿಟೀಸ್ ಕೂಡ ಪುಕ್ಕಟೆ ಜಾಗ ಕೊಡುತ್ತಿತ್ತು. 2009ರ ಅಕ್ಟೋಬರ್‌ನಲ್ಲಿ ಅದನ್ನು ಮುಚ್ಚಿದಾಗ ಅಲ್ಲಿದ್ದವರ ವಿಳಾಸಗಳೆಲ್ಲ ಇಲ್ಲವಾದವು.

ಹಣ ಕೊಟ್ಟು ಕೊಳ್ಳುವಾಗಲೂ ಹುಷಾರಾಗಿರಬೇಕು. ದೊಡ್ಡ ಅಕ್ಷರದಲ್ಲಿ ಕಾಣುವುದು ಮೊದಲ ಅವಧಿಯ ದರ. ನವೀಕರಣದ ದರ ಹೆಚ್ಚಾಗಿ ಸಣ್ಣ ಅಕ್ಷರದಲ್ಲಿ, ಮೇಲೆ ಶೇ. 18 ಜಿಎಸ್‌ಟಿ. ಅದಕ್ಕೇ ಮೂರು ವರ್ಷದ ಒಟ್ಟು ಖರ್ಚು ಹಾಕಿ ಹೋಲಿಸಿದೆ. ನೂರು ಸೀರೆಗಳ ಫೋಟೊ ಇಡಲು, ಹಲವರು ಒಂದೇ ಸರ್ವರ್ ಹಂಚಿಕೊಳ್ಳುವ ಶೇರ್ಡ್ ಹೋಸ್ಟಿಂಗ್ ಸಾಕು.

ಡೊಮೇನ್ ಮಾತ್ರ ಮಾಮೂ ಹೆಸರಿನಲ್ಲೇ ಇರಲಿ ಎಂದು ಹಟ ಹಿಡಿದೆ. ಹೋಸ್ಟಿಂಗ್ ಬಾಡಿಗೆ ಮಳಿಗೆಯಂತೆ, ಬೇಡವಾದರೆ ಬದಲಿಸಬಹುದು. ಡೊಮೇನ್ ಬೇರೆಯವರ ಕೈಯಲ್ಲಿದ್ದರೆ ಗಿರಾಕಿಗಳೂ ಅವರ ಕೈಯಲ್ಲೇ. ಮಾಮೂ ಒಪ್ಪಿದರು. ಪಾಸ್‌ವರ್ಡನ್ನು ಉದ್ರಿ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದಾರೆ, ಬೇಡವೆಂದರೂ ಕೇಳುತ್ತಿಲ್ಲ.