ಮೂರು ದೇಶದ ಗುಡ್ಡ, ಒಂದೇ ದುಡ್ಡು

ಜರ್ಮನಿಯ ಆಖೆನ್ ಊರಿನಿಂದ ಪಡುವಣಕ್ಕೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ನೆದರ್‌ಲೆಂಡ್ಸಿನ ವಾಲ್ಸ್ ಬರುತ್ತದೆ. ಅಲ್ಲಿಂದ ಕಾಡಿನ ಏರುದಾರಿ ಹಿಡಿದರೆ ವಾಲ್ಸರ್‌ಬರ್ಗ್ ಗುಡ್ಡ. ಎತ್ತರ 322 ಮೀಟರ್. ಇದರ ನೆತ್ತಿಯ ಮೇಲೆ ಜರ್ಮನಿ, ನೆದರ್‌ಲೆಂಡ್ಸ್, ಬೆಲ್ಜಿಯಂ ಮೂರೂ ಬಂದು ಕೂಡುತ್ತವೆ. ಗಡಿಗಲ್ಲಿಗೆ ಒಂದು ಪ್ರದಕ್ಷಿಣೆ ಹಾಕಿದರೆ ಮೂರು ದೇಶ ಸುತ್ತಿದಂತಾಯಿತು! ಒಂದು ಕಾಲಕ್ಕೆ ಇಲ್ಲಿ ನಾಲ್ಕು ಗಡಿಗಳಿದ್ದವು. ಪಕ್ಕದ ಸತುವಿನ ಗಣಿಯನ್ನು ಯಾರೂ ಯಾರಿಗೂ ಬಿಟ್ಟುಕೊಡಲು ಒಪ್ಪದೆ, 1816ರಲ್ಲಿ ಮೊರೆಸ್ನೆಟ್ ಎಂಬ ತಟಸ್ಥ ತುಂಡುನೆಲವನ್ನೇ ಹುಟ್ಟುಹಾಕಿದ್ದರು.

ಒಂದು ಗಣಿಗಾಗಿ ಅಷ್ಟು ಹಟ ಹಿಡಿದಿದ್ದ ಜಾಗದಲ್ಲಿ ನಿಂತು ಕಾಫಿ ಕೊಂಡೆ. ಕೈಗೆ ಬಂದ ಚಿಲ್ಲರೆಯನ್ನು ಅಂಗೈಯಲ್ಲಿ ಹರಡಿ ನೋಡಿದೆ. ಒಂದರ ಮೇಲೆ ಜರ್ಮನಿಯ ಹದ್ದು, ಇನ್ನೊಂದರಲ್ಲಿ ಅಂದಿನ ಡಚ್ ರಾಣಿ ಬೆಯಾಟ್ರಿಕ್ಸ್, ಮತ್ತೊಂದರಲ್ಲಿ ಅಂದಿನ ಬೆಲ್ಜಿಯಂ ದೊರೆ ಎರಡನೆಯ ಆಲ್ಬರ್ಟ್. ತಿರುವಿ ಹಾಕಿದರೆ ಎಲ್ಲದರ ಮೇಲೂ ಯುರೋಪಿನ ನಕ್ಷೆ ಮತ್ತು ಬೆಲೆ. ಯಾವ ದೇಶದಲ್ಲಿ ಅಚ್ಚಾದರೂ ಎಲ್ಲ ಕಡೆಯೂ ಚಲಾವಣೆ. ಅಂಗಡಿಯವರಿಗೆ ಇದು ದಿನನಿತ್ಯದ ಚಿಲ್ಲರೆ. ನನಗೋ ಕಣ್ಣು ಕೀಳಲಾಗಲಿಲ್ಲ.

ಮೊದಲಾಗಿದ್ದರೆ ಈ ಗುಡ್ಡದ ಆಸುಪಾಸಿನಲ್ಲೇ ಮಾರ್ಕ್, ಗಿಲ್ಡರ್, ಫ್ರಾಂಕ್ ಎಂದು ಮೂರು ಬಗೆಯ ದುಡ್ಡು ಬೇಕಿತ್ತು. 1999ರ ಜನವರಿ 1ರಂದು 11 ದೇಶಗಳು ಯೂರೋ ಎಂಬ ಈ ಒಂದೇ ದುಡ್ಡನ್ನು ಲೆಕ್ಕಪತ್ರಗಳಿಗೆ ತಂದವು. ಒಂದು ಯೂರೋಗೆ 1.95583 ಮಾರ್ಕ್, 2.20371 ಗಿಲ್ಡರ್, 40.3399 ಬೆಲ್ಜಿಯಂ ಫ್ರಾಂಕ್ ಎಂದು ದರವನ್ನು ಕಾಯಂ ಮಾಡಲಾಗಿತ್ತು. ಗ್ರೀಸ್ ಸೇರಿ 12 ಆದ ಮೇಲೆ, 2002ರ ಜನವರಿ 1ರಂದು ನೋಟು, ನಾಣ್ಯಗಳು ಜನರ ಕೈಸೇರಿದವು. ಯೂರೋ ನಾಡುಗಳ ಪೈಕಿ ಅಂದು ಮೊದಲು ಬೆಳಗಾದದ್ದು ಹಿಂದೂ ಮಹಾಸಾಗರದ ಫ್ರೆಂಚ್ ದ್ವೀಪ ರಿಯೂನಿಯನ್‌ನಲ್ಲಿ. ಅಲ್ಲಿನ ಮಾರುಕಟ್ಟೆಯಲ್ಲಿ ಯೂರೋ ಕೊಟ್ಟು ಲಿಚಿ ಹಣ್ಣು ಕೊಂಡರು! ಕೆಲವೇ ವಾರಗಳಲ್ಲಿ ಹಳೆಯ ದುಡ್ಡು ಅಂಗಡಿಗಳಿಂದ ಮರೆಯಾಯಿತು.

ನೋಟುಗಳದು ಇನ್ನೊಂದು ಬೆರಗು. ಆಸ್ಟ್ರಿಯಾದ ರಾಬರ್ಟ್ ಕಾಲಿನಾ ಅವುಗಳ ಮೇಲೆ ಬಿಡಿಸಿದ ಸೇತುವೆಗಳು ಯಾವ ಊರಿನವೂ ಅಲ್ಲ. ಯಾವುದೇ ಒಂದು ದೇಶದ್ದೆನಿಸಬಾರದೆಂದು ಅವನ್ನು ಕಲ್ಪಿಸಿಯೇ ಬರೆದದ್ದು. ಆಮೇಲೆ ನೆದರ್‌ಲೆಂಡ್ಸಿನ ಸ್ಪೈಕೆನಿಸ್ಸೆ ಊರಿನವರು ಆ ಏಳೂ ಸೇತುವೆಗಳನ್ನು ನಿಜವಾಗಿ ಕಟ್ಟಿಯೇಬಿಟ್ಟರು.

ವಾಲ್ಸ್‌ನಿಂದ ಮುಂದೆ ಹೋದರೆ ಮಾಸ್ ನದಿಯ ದಂಡೆಯ ಮಾಸ್ಟ್ರಿಕ್ಟ್. ಈ ದುಡ್ಡಿಗೆ ತಳಪಾಯ ಹಾಕಿದ ಒಪ್ಪಂದಕ್ಕೆ 1992ರ ಫೆಬ್ರುವರಿ 7ರಂದು ಸಹಿ ಬಿದ್ದದ್ದು ಇಲ್ಲೇ. ಹಿಂದಕ್ಕೆ ಆಖೆನ್‌ಗೆ ಬಂದರೆ ಶಾರ್ಲಮೇನ್ ದೊರೆಯ ಎಂಟು ಮೂಲೆಯ ಪ್ರಾರ್ಥನಾ ಮಂದಿರ. ಸುಮಾರು 1200 ವರ್ಷಗಳ ಹಿಂದೆ ಒಂದು ಪೌಂಡ್ ಬೆಳ್ಳಿಗೆ 240 ನಾಣ್ಯ ಎಂದು ಗೊತ್ತುಮಾಡಿ, ತನ್ನ ಸಾಮ್ರಾಜ್ಯದ ಉದ್ದಗಲಕ್ಕೂ ಅದನ್ನು ಹರಡಿದವನು ಅವನು. ಅವನ ಹೆಸರಿನಲ್ಲಿ ಆಖೆನ್ ಕೊಡುವ ಪ್ರಶಸ್ತಿ 2002ರಲ್ಲಿ ಸಂದದ್ದು ಯಾವ ವ್ಯಕ್ತಿಗೂ ಅಲ್ಲ, ಯೂರೋಗೇ!

ಎಲ್ಲವೂ ಸಲೀಸಾಗಿತ್ತೆಂದಲ್ಲ. ದುಡ್ಡು ಒಂದಾದರೂ ಖಜಾನೆಗಳು ಬೇರೆಬೇರೆಯಾಗಿಯೇ ಉಳಿದವು. 2010ರಿಂದ ಗ್ರೀಸ್ ಸಾಲದಲ್ಲಿ ಮುಳುಗಿದಾಗ ಅಲ್ಲಿನ ಜನ ಸಂಬಳ, ಪಿಂಚಣಿ ಕಡಿತದ ಕಷ್ಟ ಉಂಡರು. ಹಾಗಿದ್ದೂ ಗ್ರೀಸ್ ಯೂರೋ ಬಿಡಲಿಲ್ಲ. ನಡುವೆ ಇನ್ನೂ ಕೆಲವು ದೇಶಗಳು, ಆಮೇಲೆ 2023ರಲ್ಲಿ ಕ್ರೊಯೇಷಿಯಾ, 2026ರಲ್ಲಿ ಬಲ್ಗೇರಿಯಾ ಸೇರಿ ಈಗ ದೇಶಗಳ ಸಂಖ್ಯೆ 21.

ನಾಣ್ಯ ಟಂಕಿಸುವುದು ಹಿಂದಿನಿಂದಲೂ ರಾಜ್ಯವಾಳುವವರ ಹಕ್ಕು. ಶಾರ್ಲಮೇನ್ ಕತ್ತಿಯ ಬಲದಿಂದ ಮಾಡಿದ್ದನ್ನು ಈ ದೇಶಗಳು ಒಂದು ಸಹಿಯಿಂದ ಮಾಡಿದವು. ಎರಡು ಮಹಾಯುದ್ಧಗಳಲ್ಲಿ ರಕ್ತ ಹರಿಸಿದ ನಾಡುಗಳು ಆ ಹಕ್ಕನ್ನು ತಾವಾಗಿಯೇ ಒಟ್ಟುಗೂಡಿಸಿದವು. ನಾನು ಕಂಡ ಯುರೋಪಿನಲ್ಲಿ ಯಾವ ಕೋಟೆ, ಅರಮನೆಯೂ ಇದಕ್ಕಿಂತ ದೊಡ್ಡದಲ್ಲ.