ಚುಕ್ಕ, ಚುಕ್ಕಿ ಮತ್ತು ಒಂದು ನೋಟುಬುಕ್ಕು

ಹೈದರಾಬಾದಿನ ಕಾಚಿಗುಡದಲ್ಲಿ ನೃಪತುಂಗ ಶಾಲೆಯಿದೆ, ಕರ್ನಾಟಕ ಸಾಹಿತ್ಯ ಮಂದಿರವಿದೆ. ಹಾಗೆಂದು ಈ ನಗರದ ಕನ್ನಡ ಮನೆಗಳ ಮಕ್ಕಳೆಲ್ಲ ಕನ್ನಡ ಓದಲು ಕಲಿತವರಲ್ಲ. ಅಂಥ ಮನೆಯ ಹುಡುಗಿಯೊಬ್ಬಳು ಹಳೆಯ ಕನ್ನಡ ಚಿತ್ರಗೀತೆಯನ್ನು ತೆಲುಗು ಅಕ್ಷರಗಳಲ್ಲಿ ಬರೆದುಕೊಂಡು ಹಾಡಿದರೆ ಅಜ್ಜಿಗೆ ಕಸಿವಿಸಿ. ಮೊಮ್ಮಗಳ ಬಾಯಲ್ಲಿ ಕನ್ನಡವಿದೆ, ನೋಟುಬುಕ್ಕಿನಲ್ಲಿ ಇಲ್ಲ.

ಆದರೆ ಅಜ್ಜಿ ತನ್ನದೆಂದು ಎದೆಗಪ್ಪಿಕೊಂಡ ದನಿಗಳೇ ಆ ದಾರಿಯಲ್ಲಿ ಬಂದವು. ರಾಜ್‌ಕುಮಾರ್ ಅವರ ದನಿಯೆಂದೇ ಹೆಸರಾದ ಪಿ.ಬಿ. ಶ್ರೀನಿವಾಸ್ ಕಾಕಿನಾಡದವರು. ಪಿ. ಸುಶೀಲ ವಿಜಯನಗರಂನವರು, ಎಸ್. ಜಾನಕಿ ಗುಂಟೂರು ಜಿಲ್ಲೆಯವರು. ಜಾನಕಿ ಕನ್ನಡದ ಹಾಡನ್ನೂ ತೆಲುಗಿನಲ್ಲೇ ಬರೆದುಕೊಳ್ಳುತ್ತಿದ್ದರು. ಆಗ ದಕ್ಷಿಣದ ಸಿನಿಮಾಕ್ಕೆಲ್ಲ ಮದರಾಸೇ ಮನೆ. ಅದೇ ಸ್ಟುಡಿಯೋ, ಅದೇ ವಾದ್ಯಗಾರರು. ಬೆಳಿಗ್ಗೆ ಒಂದು ಭಾಷೆಯಾದರೆ ಮಧ್ಯಾಹ್ನ ಇನ್ನೊಂದು.

ಲಿಪಿಯಿಂದ ಲಿಪಿಗೆ ದಾಟುವುದು ಸುಲಭ, ಎರಡೂ ಒಂದೇ ಬೇರಿನವು. ಕಷ್ಟವಿರುವುದು ನಾಲಿಗೆಗೆ. ಅಚ್ಚ ತೆಲುಗು ಪದಗಳಲ್ಲಿ ಅ, ಉ, ಒ ಸ್ವರಗಳ ಜೊತೆ ಬರುವ ‘ಚ’ಕಾರ ‘ತ್ಸ’ ಎಂದು ಕೇಳುತ್ತದೆ. ಬರೆಯುವುದು ಚುಕ್ಕ, ನುಡಿಯುವುದು ತ್ಸುಕ್ಕ. ಕನ್ನಡದ ಚುಕ್ಕಿಗೆ ಆ ಉಚ್ಚಾರ ಒಗ್ಗದು. ತೆಲುಗಿನ ಪಾಲು, ಪುವ್ವು, ಪಾಡು ಇಲ್ಲಿ ಹಾಲು, ಹೂವು, ಹಾಡು. ‘ಹ’ವನ್ನು ಕಾಗದ ನೋಡಿ ಓದಬಹುದು, ‘ಚ’ವನ್ನು ಕಿವಿಯಿಂದಲೇ ಕಲಿಯಬೇಕು. ರಂಗದ ಮೇಲೆ ಕೊನೆಯ ಸಾಲಿಗೂ ಕೇಳಲೆಂದು ಎತ್ತರದ ದನಿಯಲ್ಲಿ ಹಾಡುವಾಗ ಇಂಥ ಸೂಕ್ಷ್ಮಗಳು ಮುಚ್ಚಿಹೋಗಬಹುದು. ಮೈಕು ಪಿಸುಮಾತನ್ನೂ ಹಿಡಿಯುತ್ತದೆ, ತಪ್ಪನ್ನೂ ಹಿಡಿಯುತ್ತದೆ. ಚಿತ್ರಗೀತೆ ಕಿವಿಗೆ ಇಷ್ಟು ಹತ್ತಿರವಾದದ್ದು ಈ ಮೈಕಿನಿಂದಲೇ.

ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಮನೆಮಾತೂ ತೆಲುಗೇ. 1967ರ ‘ನಕ್ಕರೆ ಅದೇ ಸ್ವರ್ಗ’ದಲ್ಲಿ ಎಂ. ರಂಗರಾವ್ ಅವರಿಂದ ಕನ್ನಡ ಹಾಡು ಹಾಡಿಸಿದರು. ‘ಗಾನಯೋಗಿ ಪಂಚಾಕ್ಷರ ಗವಾಯಿ’ಗೆ ರಾಷ್ಟ್ರಪ್ರಶಸ್ತಿ ಬರುವಷ್ಟರಲ್ಲಿ ಅವರನ್ನು ಹೊರಗಿನವರೆಂದು ಯಾರೂ ಕಾಣುತ್ತಿರಲಿಲ್ಲ. ಹೈದರಾಬಾದಿನ ರಾಮೋಜಿ ಸಮೂಹ 2000ದಲ್ಲಿ ಶುರುಮಾಡಿದ ಈಟಿವಿ ಕನ್ನಡದ ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮದಲ್ಲಿ ಅವರು ಮಕ್ಕಳ ಶ್ರುತಿಯ ಜೊತೆಗೆ ಉಚ್ಚಾರಣೆಯನ್ನೂ ತಿದ್ದುತ್ತಿದ್ದರು. ಕನ್ನಡದ ಮಕ್ಕಳಿಗೆ ಕನ್ನಡ ತಿದ್ದಿದ್ದು ತೆಲುಗು ಮನೆಯ ಹಿರಿಯರು. ಯಾರಿಗೂ ಅದು ವಿಚಿತ್ರವೆನಿಸಲಿಲ್ಲ.

ಹಾಡು ಬಂದ ಮಾತ್ರಕ್ಕೆ ಮಾತು ಬರುವುದಿಲ್ಲ, ಅಜ್ಜಿಯ ಆತಂಕ ಸುಳ್ಳಲ್ಲ. ಅರ್ಥ ತಿಳಿಯದೆ ಹಾಡುತ್ತ ಹೋದರೆ ಭಾಷೆ ಬರೀ ರಾಗವಾಗಿ ಉಳಿಯುತ್ತದೆ. ಆದರೆ ನೋಟುಬುಕ್ಕು ಕಿತ್ತುಕೊಂಡರೆ ರಾಗವೂ ಉಳಿಯದು. ಪಕ್ಕದಲ್ಲಿ ಕೂತು, ‘ತ್ಸುಕ್ಕಿ ಅಲ್ಲ ಪುಟ್ಟಾ, ಚುಕ್ಕಿ’ ಎನ್ನುವ ಒಬ್ಬರು ಬೇಕು. ಆಗ ಅವಳು, ‘ಹಾಗಂದ್ರೆ ಏನಜ್ಜಿ?’ ಎಂದು ಕೇಳಿಯಾಳು.